ಕುಮಾರರಾಮನ ಕಥೆಯೂ ಪ್ರೇಕ್ಷಕರ ಮೆಚ್ಚಿಕೆಯೂ

೧

ಕನ್ನಡನಾಡಿನ ರಾಜ್ಯಗಳಲ್ಲಿ ಕಂಪಿಲಿಯ ರಾಜ್ಯದಷ್ಟು ಅಲ್ಪಕಾಲ ಬಾಳಿ ಅದರಷ್ಟು ದೀರ್ಘಕಾಲ ಜನರ ನೆನಪಿನಲ್ಲಿ ನಿಂತುದು ಮತ್ತೊಂದಿಲ್ಲವೆಂದು ಹೇಳಬಹುದು. ಮುಮ್ಮಡಿ ಸಿಂಗೆಯನಾಯಕನಿಂದ ತಲೆಯೆತ್ತಿದ ಈ ಮನೆತನವು ಅವನ ಮಗನಾದ ಕಂಪಿಲರಾಯನ ಕಾಲದಲ್ಲಿ ತುಂಗಭದ್ರೆಯ ಎರಡು ದಡಗಳಲ್ಲಿಯೂ ಹಬ್ಬಿ, ೧೩೨೭ರ ಸುಮಾರಿನಲ್ಲಿ ದಿಲ್ಲಿಯ ಮಹಮ್ಮದ ಬಿನ್ ತುಘಲಕನ ಸೈನ್ಯದಿಂದ ನಾಶವಾಯಿತು. ವಿಜಯನಗರದ ಸ್ಥಾಪನೆಗೆ ಪರಂಪರೆಯು ಹೇಳುವ ೧೩೩೬ನೆಯ ಇಸವಿಗೂ ಈ ನಾಶಕ್ಕೂ ಒಂಬತ್ತು ವರ್ಷಗಳ ಅಂತರ ಮಾತ್ರ. ಹಂಪೆಯ ವೈಭವದ ನೆರಳಿನಲ್ಲಿ ಕಂಪಿಲಿಯು ಮರೆಯಾಗಿ ಹೋಗಬೇಕಾಗಿದ್ದುದು ಸಹಜವೇ ಆಗಿತ್ತು. ಆದರೆ ಹಾಗಾಗಲಿಲ್ಲ. ಕಂಪಿಲನ ಮಗನಾದ ಕುಮಾರರಾಮನ ಕಥೆಯು ಹದಿನಾರನೆಯ ಶತಮಾನದಲ್ಲಿ ನಂಜುಂಡಕವಿಯ ಸಾಂಗತ್ಯವಾಯಿತು, ಆಮೇಲೆ ಪಾಂಚಾಳಗಂಗನು ಅದನ್ನು ಮತ್ತೆ ಸಾಂಗತ್ಯದಲ್ಲಿ ಹೇಳಿದನು, ಬಳಿಕ ಅದೇ ಕಥೆ ಬಯಲಾಟವಾಯಿತು, ಹಾಡಾಯಿತು, ೨೦೦೬ರಲ್ಲಿ ಎಚ್. ಆರ್. ಭಾರ್ಗವರ ನಿರ್ದೇಶನದಲ್ಲಿ, ಶಿವರಾಜಕುಮಾರರು ನಾಯಕರಾಗಿ, ‘ಗಂಡುಗಲಿ ಕುಮಾರರಾಮ’ ಎಂಬ ಚಲಚ್ಚಿತ್ರವೂ ಆಯಿತು.

ಒಂದೇ ಕಥೆಯನ್ನು ಕಾಲಕಾಲಕ್ಕೆ ಹೊಸದಾಗಿ ಕಟ್ಟುವಾಗ ಕವಿಯೂ ಭಾಗವತನೂ ನಿರ್ದೇಶಕನೂ ತಮತಮಗೆ ಬೇಕಾದುದನ್ನು ಸೇರಿಸಿ ಬೇಡವಾದುದನ್ನು ಬಿಡುವರು. ಆದರೆ ಕೇಳುವವರೂ ನೋಡುವವರೂ ಒಂದು ಆಯ್ಕೆಯನ್ನು ಮಾಡಿಕೊಂಡೇ ಇರುತ್ತಾರೆಂಬುದನ್ನು ಸಾಹಿತ್ಯಚರಿತ್ರೆಯು ಸಾಕಷ್ಟು ಗಮನಿಸಿಲ್ಲ. ಆಟ ಮುಗಿದ ಮರುದಿನ ಕಟ್ಟೆಯ ಮೇಲೆ ಕುಳಿತವರು ಇಡೀ ಕಥೆಯನ್ನು ಹೇಳುವುದಿಲ್ಲ. ತಮಗೆ ಮೆಚ್ಚಾದ ಎರಡು ಮೂರು ಸಂದರ್ಭಗಳನ್ನು ಮಾತ್ರ ಮತ್ತೆ ಮತ್ತೆ ಹೇಳಿಕೊಳ್ಳುತ್ತಾರೆ. ಕುಮಾರರಾಮನ ಕಥೆಯಲ್ಲಿ ಅಂತಹ ಸಂದರ್ಭಗಳು ಯಾವುವು, ಅವು ಇತಿಹಾಸಕ್ಕೆ ಏನನ್ನು ಹೇಳುತ್ತವೆ ಎಂಬುದೇ ಇಲ್ಲಿಯ ವಿಚಾರ.

೨

ಮೊದಲು ಇತಿಹಾಸದ ಆಧಾರಗಳು. ತುಘಲಕನ ಬಂಧುವಾದ ಬಹಾಉದ್ದೀನ್ ಗುರ್ಷಾಸ್ಪನು ದಂಗೆಯೆದ್ದು ಸೋತು ಕಂಪಿಲರಾಯನ ಮೊರೆಹೊಕ್ಕನು. ಕಂಪಿಲನು ಶರಣುಬಂದವನನ್ನು ಒಪ್ಪಿಸಲಿಲ್ಲ. ಮುತ್ತಿಗೆ ಬಿಗಿಯಾದಾಗ ಅವನನ್ನು ಹೊಯ್ಸಳ ಮೂರನೆಯ ಬಲ್ಲಾಳನ ಬಳಿಗೆ ಕಳುಹಿಸಿ, ತಾನು ಯುದ್ಧದಲ್ಲಿ ಮಡಿದನು. ಬಲ್ಲಾಳನು ಗುರ್ಷಾಸ್ಪನನ್ನು ದಿಲ್ಲಿಯವರ ವಶಕ್ಕೆ ಕೊಟ್ಟನು. ಈ ವೃತ್ತಾಂತವನ್ನು ಇಬನ್ ಬತೂತನು ವಿಸ್ತಾರವಾಗಿ ಬರೆದಿದ್ದಾನೆ. ಅರಮನೆಯ ಸ್ತ್ರೀಯರು ಅಗ್ನಿಪ್ರವೇಶ ಮಾಡಿದರೆಂದೂ, ರಾಯನ ಹನ್ನೊಂದು ಮಂದಿ ಮಕ್ಕಳು ಸೆರೆಯಾಗಿ ದಿಲ್ಲಿಗೆ ಹೋಗಿ ಮತಾಂತರ ಹೊಂದಿ ಸುಲ್ತಾನನಿಂದ ಮನ್ನಣೆ ಪಡೆದರೆಂದೂ, ಅವರಲ್ಲಿ ಕೆಲವರನ್ನು ತಾನೇ ಕಂಡುದಾಗಿಯೂ ಅವನು ಹೇಳುತ್ತಾನೆ. ಬಹಮನಿ ಆಸ್ಥಾನದಲ್ಲಿದ್ದ ಇಸಾಮಿಯೂ ಈ ಯುದ್ಧವನ್ನು ವರ್ಣಿಸಿದ್ದಾನೆ.

ಇಬನ್ ಬತೂತನ ಕಥನದಲ್ಲಿ ರತ್ನಾಜಿಯಿಲ್ಲ, ಚೆಂಡಾಟವಿಲ್ಲ, ನೆಲಮನೆಯಿಲ್ಲ. ರಾಮನ ಹೆಸರೂ ಇಲ್ಲ. ಕನ್ನಡ ಕಾವ್ಯಗಳಲ್ಲಾದರೋ ಇವೇ ಪ್ರಧಾನ. ಆದರೂ ಎರಡಕ್ಕೂ ಸಂಬಂಧವಿಲ್ಲವೆನ್ನಲಾಗದು. ದಿಲ್ಲಿಯ ಸುಲ್ತಾನನಿಗೆ ವಿರೋಧಿಯಾದ ಬಾದೂರನೆಂಬವನಿಗೆ ಕುಮ್ಮಟದಲ್ಲಿ ಆಶ್ರಯ ದೊರೆತ ಸಂಗತಿಯು ಸಾಂಗತ್ಯಗಳಲ್ಲಿಯೂ ಬರುತ್ತದೆ. ಈ ಬಾದೂರನೇ ಬಹಾಉದ್ದೀನನೆಂದು ಗುರುತಿಸಿ ವಿದ್ವಾಂಸರು ಕಾವ್ಯಕ್ಕೂ ಚರಿತ್ರೆಗೂ ಸೇತುವೆ ಕಟ್ಟಿದ್ದಾರೆ. ೧೯೨೯ರಲ್ಲಿ ಪ್ರಕಟವಾದ ಎನ್. ವೆಂಕಟರಮಣಯ್ಯನವರ ಕಂಪಿಲಿ-ವಿಜಯನಗರ ವಿಷಯಕ ಗ್ರಂಥದಿಂದ ಮೊದಲುಗೊಂಡು ಈ ಕಾವ್ಯಗಳು ಇತಿಹಾಸಕಾರರ ಆಧಾರಸಾಮಗ್ರಿಯಾಗಿವೆ.

ಇಲ್ಲಿ ಒಂದು ವೈಚಿತ್ರ್ಯವನ್ನು ನೋಡಬೇಕು. ಇತಿಹಾಸಕಾರನಿಗೆ ಅತ್ಯಂತ ಬೆಲೆಯುಳ್ಳದ್ದಾದ ಈ ಶರಣಾಗತಿಯ ಪ್ರಸಂಗವು ಜನರ ಮೆಚ್ಚಿಕೆಯಲ್ಲಿ ಹಿಂದೆ ಬಿದ್ದಿದೆ. ಇದಕ್ಕೆ ಸಾಕ್ಷಿ ರಾಮನ ಬಿರುದೇ ಆಗಿದೆ. ಕನ್ನಡನಾಡಿನ ಶಾಸನಗಳ ಬಿರುದಾವಳಿಗಳಲ್ಲಿ ‘ಶರಣಾಗತವಜ್ರಪಂಜರ’ ಎಂಬುದೂ ‘ಪರನಾರೀಸಹೋದರ’ ಎಂಬುದೂ ಸಾಮಾನ್ಯವಾಗಿ ಕಾಣುವ ಬಿರುದುಗಳು. ಅನೇಕ ಅರಸರೂ ಸಾಮಂತರೂ ಇವೆರಡನ್ನೂ ಧರಿಸಿದ್ದಾರೆ. ಕುಮಾರರಾಮನ ಕಥೆಗೆ ಇವೆರಡೂ ಒಪ್ಪುವಂತಹವು. ಮೊದಲನೆಯದು ಬಾದೂರನ ಪ್ರಸಂಗಕ್ಕೆ, ಎರಡನೆಯದು ರತ್ನಾಜಿಯ ಪ್ರಸಂಗಕ್ಕೆ. ಆದರೆ ಜನರು ಅವನಿಗೆ ಶಾಶ್ವತವಾಗಿ ಅಂಟಿಸಿದುದು ‘ಪರನಾರೀಸಹೋದರ’ ಎಂಬುದನ್ನು. ಎಷ್ಟೋ ಅರಸರ ಪಾಲಿಗೆ ಬರಿಯ ಅಲಂಕಾರವಾಗಿದ್ದ ಮಾತು ಒಬ್ಬನ ಹೆಸರೇ ಆಗಿಬಿಟ್ಟಿತು. ಯಾವ ಪ್ರಸಂಗವು ಕೇಳುಗರ ಹೃದಯವನ್ನು ಹಿಡಿಯಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣ ದೊರೆಯುವುದು ಕಷ್ಟ.

೩

ಆ ಪ್ರಸಂಗವು ಪ್ರಸಿದ್ಧವಾದುದೇ. ರಾಮನಿಗೆಂದು ನೋಡಿದ್ದ ಕನ್ಯೆಯಾದ ರತ್ನಾಜಿಯನ್ನು ಅವಳ ಚೆಲುವಿಗೆ ಮರುಳಾಗಿ ಕಂಪಿಲರಾಯನೇ ಮದುವೆಯಾಗುತ್ತಾನೆ. ಒಂದು ದಿನ ರಾಮನು ಚೆಂಡಾಡುತ್ತಿರುವಾಗ ಚೆಂಡು ಅವಳ ಅರಮನೆಯೊಳಗೆ ಬೀಳುತ್ತದೆ. ಅದನ್ನು ತರಲು ಹೋದ ರಾಮನನ್ನು ಅವಳು ಬಯಸುತ್ತಾಳೆ. ಅವನು ತಾಯಿಯೆಂದು ತಿಳಿದು ನಿರಾಕರಿಸಿ ಬಿಡಿಸಿಕೊಂಡು ಹೊರಡುತ್ತಾನೆ. ಅವಳು ಅವನ ಮೇಲೆಯೇ ತಪ್ಪು ಹೊರಿಸಿ ರಾಯನಲ್ಲಿ ದೂರುತ್ತಾಳೆ.

ಈ ಸಂದರ್ಭವು ಕನ್ನಡಕ್ಕೆ ಮಾತ್ರ ಸೇರಿದುದಲ್ಲ. ಅಶೋಕನ ಮಗನಾದ ಕುಣಾಲನ ಕಥೆಯಲ್ಲಿಯೂ, ಗ್ರೀಸಿನ ಯೂರಿಪಿಡೀಸನು ಕ್ರಿ. ಪೂ. ೪೨೮ರಲ್ಲಿ ಆಡಿಸಿದ ಹಿಪ್ಪೊಲಿಟಸನ ನಾಟಕದಲ್ಲಿಯೂ ಮಲತಾಯಿಯ ಬಯಕೆಯೇ ಅನರ್ಥಕ್ಕೆ ಮೂಲ. ಹತ್ತಿರದ ಹೋಲಿಕೆಯೆಂದರೆ ತೆಲುಗಿನ ಸಾರಂಗಧರನ ಕಥೆ. ಅಲ್ಲಿ ಚೆಂಡಿಗೆ ಬದಲಾಗಿ ಪಾರಿವಾಳವು ಚಿತ್ರಾಂಗಿಯ ಮನೆಯನ್ನು ಸೇರುತ್ತದೆ. ಬಳ್ಳಾರಿಯಲ್ಲಿಯೇ ಇದ್ದ ಧರ್ಮವರಂ ಕೃಷ್ಣಮಾಚಾರ್ಯರು (೧೮೫೩-೧೯೧೨) ಆ ಕಥೆಯನ್ನು ‘ವಿಷಾದ ಸಾರಂಗಧರ’ ಎಂಬ ನಾಟಕವಾಗಿ ರಚಿಸಿದರು. ಎರಡು ಭಾಷೆಗಳ ಕೂಡುನೆಲವಾದ ಬಳ್ಳಾರಿ ಸೀಮೆಯಲ್ಲಿ ಹೀಗೆ ಒಂದೇ ಸಂದರ್ಭವು ಎರಡು ವೇಷಗಳಲ್ಲಿ ರಂಗವನ್ನೇರಿತು. ಆದುದರಿಂದ ಚೆಂಡಿನ ಪ್ರಸಂಗವನ್ನು ನಡೆದ ಸಂಗತಿಯೆಂದು ಹಿಡಿಯುವುದು ಎಷ್ಟುಮಟ್ಟಿಗೂ ಸುರಕ್ಷಿತವಲ್ಲ.

ಆದರೆ ಕನ್ನಡದ ಕಥೆಯಲ್ಲಿ ಒಂದು ವಿಶೇಷವಿದೆ. ರತ್ನಾಜಿಯು ಮೊದಲು ರಾಮನಿಗೇ ನಿಶ್ಚಿತಳಾಗಬೇಕಾದವಳು. ಆದುದರಿಂದ ಅನರ್ಥದ ಬೀಜವು ಅವಳ ಬಯಕೆಯಲ್ಲಿ ಮಾತ್ರವಲ್ಲದೆ ರಾಯನ ಅವಿವೇಕದಲ್ಲಿಯೂ ಇದೆ. ರಾಮನ ಸಂಯಮವನ್ನು ಹೊಗಳುವ ಕೇಳುಗನು ರಾಯನ ತಪ್ಪನ್ನು ಮರೆಯಲಾರನು. ರತ್ನಾಜಿಯನ್ನು ಸಂಪೂರ್ಣವಾಗಿ ದೂಷಿಸಲೂ ಆರನು. ಈ ಪ್ರಸಂಗವು ಎಷ್ಟು ಸಲ ನೋಡಿದರೂ ಸವೆಯದಿರುವುದಕ್ಕೆ ಈ ಇಬ್ಬಂದಿಯೇ ಕಾರಣವೆಂದು ತೋರುತ್ತದೆ.

೪

ಎರಡನೆಯ ಮೆಚ್ಚಿನ ಸಂದರ್ಭವು ನೆಲಮನೆಯದು. ಮಗನ ತಲೆಯನ್ನು ತರುವಂತೆ ರಾಯನು ಆಜ್ಞೆ ಮಾಡುತ್ತಾನೆ. ಮಂತ್ರಿಯಾದ ಬೈಚಪ್ಪನು ರಾಮನನ್ನೂ ಅವನ ಸಂಗಡಿಗರನ್ನೂ ನೆಲಮನೆಯಲ್ಲಿ ಅಡಗಿಸಿ ಬೇರೆ ತಲೆಯನ್ನು ತೋರಿಸುತ್ತಾನೆ. ರಾಮನು ಸತ್ತನೆಂಬ ಸುದ್ದಿ ತಿಳಿದು ದಿಲ್ಲಿಯ ಸೈನ್ಯ ಬರುತ್ತದೆ. ರಾಯನು ಮಗನನ್ನು ನೆನೆದು ಹಲುಬುತ್ತಾನೆ. ಆಗ ರಾಮನು ಹೊರಬಂದು ಶತ್ರುಗಳನ್ನು ಹಿಮ್ಮೆಟ್ಟಿಸುತ್ತಾನೆ.

ರಾಯನು ಅಳುವಾಗ ರಾಮನು ಬದುಕಿರುವುದು ಪ್ರೇಕ್ಷಕರಿಗೆ ಗೊತ್ತು, ರಾಯನಿಗೆ ಗೊತ್ತಿಲ್ಲ. ಕಥೆಯನ್ನು ಹತ್ತು ಸಲ ನೋಡಿದವನಿಗೂ ಈ ಸುಖ ಕಡಮೆಯಾಗುವುದಿಲ್ಲ. ಮುಂದೇನಾಗುವುದೋ ಎಂಬ ಕುತೂಹಲದಿಂದ ಬರುವ ರಸವು ಒಂದೇ ಸಲಕ್ಕೆ ಮುಗಿಯುತ್ತದೆ; ಮುಂದಾಗುವುದು ತಿಳಿದಿದ್ದು ಅದಕ್ಕಾಗಿ ಕಾಯುವುದರಿಂದ ಬರುವ ರಸವು ಮುಗಿಯುವುದಿಲ್ಲ. ಹಳೆಯ ಕಥೆಯನ್ನು ಹೊಸದಾಗಿ ಆಡಿದಾಗಲೆಲ್ಲ ಜನರು ಕೂಡುವುದರ ಮರ್ಮವು ಇದೇ. ಅವರು ಕಥೆಯನ್ನು ತಿಳಿಯುವುದಕ್ಕೆ ಬರುವುದಿಲ್ಲ. ತಮ್ಮ ಮೆಚ್ಚಿನ ಗಳಿಗೆಯನ್ನು ಈ ಸಲದವರು ಹೇಗೆ ನಿರ್ವಹಿಸುವರೆಂದು ನೋಡುವುದಕ್ಕೆ ಬರುತ್ತಾರೆ.

ಮೂರನೆಯದು ರಾಮನ ತಲೆ. ದಿಲ್ಲಿಯ ಪಡೆಯು ಮಾತಂಗಿಯೆಂಬ ಸ್ತ್ರೀಯ ನಾಯಕತ್ವದಲ್ಲಿ ಮತ್ತೆ ಬಂದಾಗ ರಾಮನು ಹೋರಾಡಿ ಮಡಿಯುತ್ತಾನೆ. ಸ್ತ್ರೀಯೊಡನೆ ಕಾದುವುದಿಲ್ಲವೆಂಬ ವೀರನಿಗೆ ಸ್ತ್ರೀಯಿಂದಲೇ ಮರಣ. ಅವನ ತಲೆಯು ದಿಲ್ಲಿಗೆ ಹೋಗುತ್ತದೆ. ಈ ಸಂದರ್ಭವು ಕಾವ್ಯವನ್ನು ದಾಟಿ ಆರಾಧನೆಗೆ ಮುಟ್ಟಿದೆ. ಗಂಗಾವತಿಯ ಹತ್ತಿರದ ಕುಮ್ಮಟದುರ್ಗದಲ್ಲಿಯೂ ಮಲೆನಾಡಿನ ಕೆಲವು ಊರುಗಳಲ್ಲಿಯೂ ಮರದಲ್ಲಿ ಕೊರೆದ ರಾಮನ ತಲೆಗೆ ಪೂಜೆ ನಡೆಯುತ್ತದೆ. ಪೂಜೆಗೊಳ್ಳುವುದು ಪೂರ್ಣವಾದ ವಿಗ್ರಹವಲ್ಲ, ಕಥೆಯ ಒಂದು ಗಳಿಗೆ.

ಇದನ್ನು ಇಬನ್ ಬತೂತನ ಮಾತಿನೊಡನೆ ಇಟ್ಟು ನೋಡಿದರೆ ವಿಚಾರ ಗಹನವಾಗುತ್ತದೆ. ಯಾತ್ರಿಕನು ಕಂಡಂತೆ ರಾಯನ ಮಕ್ಕಳು ಜೀವಂತರಾಗಿ ದಿಲ್ಲಿಗೆ ಹೋದರು. ಜನರು ಮೆಚ್ಚಿದ ಕಥೆಯಲ್ಲಿ ಮಗನ ತಲೆ ಮಾತ್ರ ದಿಲ್ಲಿಗೆ ಹೋಯಿತು. ಸೋಲನ್ನು ಎರಡೂ ಒಪ್ಪುತ್ತವೆ. ಆ ಸೋಲನ್ನು ಯಾವ ರೂಪದಲ್ಲಿ ನೆನೆಯಬೇಕೆಂಬುದನ್ನು ಮಾತ್ರ ಕೇಳುಗರು ತಾವೇ ಗೊತ್ತುಮಾಡಿಕೊಂಡರು. ಜನರ ಮೆಚ್ಚಿಕೆಯು ೧೩೨೭ರಲ್ಲಿ ನಡೆದುದಕ್ಕೆ ಸಾಕ್ಷಿಯಲ್ಲ. ನಡೆದುದರೊಡನೆ ಮುಂದಿನ ತಲೆಮಾರುಗಳು ಹೇಗೆ ಬಾಳಿದವೆಂಬುದಕ್ಕೆ ಸಾಕ್ಷಿ. ಈ ಎರಡನ್ನೂ ಬೆರೆಸಿದರೆ ಇತಿಹಾಸವು ಕೆಡುತ್ತದೆ. ಎರಡನೆಯದನ್ನು ಬಿಸುಟರೆ ಬಡವಾಗುತ್ತದೆ.

೫

ಕಂಪಿಲಿಯ ಪಶ್ಚಿಮ-ದಕ್ಷಿಣಗಳಲ್ಲಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯು ದೊಡ್ಡಾಟದ ನೆಲ. ಆಡಳಿತದ ಗಡಿಗಳು ಇಲ್ಲಿ ಹಲವು ಸಲ ಬದಲಾಗಿವೆ. ಮದರಾಸು ಪ್ರಾಂತಕ್ಕೆ ಸೇರಿದ್ದ ಈ ಭಾಗವು ೧೯೫೩ರ ಅಕ್ಟೋಬರ್ ೧ರಂದು ಮೈಸೂರು ಸಂಸ್ಥಾನಕ್ಕೆ ಬಂದಿತು. ಹರಪನಹಳ್ಳಿಯು ೧೯೯೭ರಲ್ಲಿ ದಾವಣಗೆರೆಗೆ ಸೇರಿ ೨೦೧೮ರಲ್ಲಿ ಬಳ್ಳಾರಿಗೆ ಮರಳಿತು. ೨೦೨೧ರಲ್ಲಿ ಎಲ್ಲವೂ ವಿಜಯನಗರ ಜಿಲ್ಲೆಗೆ ಸೇರಿದವು. ಆಟದ ಗಡಿಗಳು ಮಾತ್ರ ಇವುಗಳೊಡನೆ ಬದಲಾಗಲಿಲ್ಲ.

ದೊಡ್ಡಾಟದಲ್ಲಿ ಪ್ರೇಕ್ಷಕರ ಮೆಚ್ಚಿಕೆಯು ಮರೆಯಲ್ಲಿರುವುದಿಲ್ಲ. ರಾತ್ರಿ ಊಟವಾದ ಮೇಲೆ ಆರಂಭವಾಗಿ ಬೆಳಗಿನವರೆಗೆ ನಡೆಯುವ ಆಟದಲ್ಲಿ ಪ್ರತಿಯೊಂದು ಪಾತ್ರವನ್ನೂ ಸಾರಥಿಯು ಮಾತನಾಡಿಸಿ ಸಭೆಗೆ ಪರಿಚಯಿಸುತ್ತಾನೆ. ಭಾಗವತನ ಪದಕ್ಕೆ ಕುಣಿತ, ಕುಣಿತದ ಮೇಲೆ ಮಾತು. ವೇಷಧಾರಿಗಳು ಊರಿನವರೇ, ಕಿರೀಟ ಭುಜಕೀರ್ತಿಗಳನ್ನು ಕಟ್ಟಿಕೊಂಡವನು ನಿನ್ನೆ ನೇಗಿಲು ಹಿಡಿದಿದ್ದವನು. ಮೆಚ್ಚಾದ ಕಡೆಯಲ್ಲಿ ಬಂಧುಗಳೂ ಗೆಳೆಯರೂ ರಂಗದ ಮೇಲೆಯೇ ಬಟ್ಟೆಯನ್ನೋ ಹಣವನ್ನೋ ಕೊಡುವುದುಂಟು. ಕೊಟ್ಟವರ ಹೆಸರನ್ನು ಸಭೆಗೆ ಕೂಗಿ ಹೇಳುವುದುಂಟು. ಕಂಪನಿ ನಾಟಕಗಳಲ್ಲಿ ‘ಒನ್ಸ್ ಮೋರ್’ ಎಂಬ ಕೂಗಿಗೆ ಸತ್ತ ಪಾತ್ರವೂ ಎದ್ದು ಹಾಡಬೇಕಾಗುತ್ತಿತ್ತೆಂಬ ಪರಿಹಾಸ್ಯವು ಎಲ್ಲರಿಗೂ ತಿಳಿದುದೇ. ಕಥೆಯ ಓಟಕ್ಕೆ ಇದು ಅಡ್ಡಿಯೆಂದು ಪಂಡಿತರು ದೂರುವರು. ಆದರೆ ಓಟಕ್ಕಿಂತ ನಿಲುಗಡೆಯೇ ಮುಖ್ಯವೆಂದು ಸಭೆಯು ತೀರ್ಪುಕೊಡುವ ರೀತಿ ಇದು.

ಈ ಸೀಮೆಯ ಜನರಿಗೆ ಒಂದೇ ಗಳಿಗೆಯನ್ನು ಹಿಡಿದು ಚರ್ಚಿಸುವ ಅಭ್ಯಾಸವು ಬೇರೆ ಕಡೆಯಿಂದಲೂ ಬಂದಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯನು ಬಿಲ್ಲನ್ನೇರಿ, ‘ಸದ್ದಲೇ’ ಎಂದು ಜನಸ್ತೋಮವನ್ನು ಮೌನಗೊಳಿಸಿ, ಒಂದೇ ವಾಕ್ಯದ ಕಾರಣಿಕವನ್ನು ನುಡಿಯುತ್ತಾನೆ. ಮಳೆಬೆಳೆಗೋ ರಾಜ್ಯಭಾರಕ್ಕೋ ಅದನ್ನು ಹೊಂದಿಸಿ ಅರ್ಥಮಾಡುತ್ತ ಜನರು ಊರಿಗೆ ಮರಳುತ್ತಾರೆ. ನುಡಿದವನು ಒಬ್ಬ, ಅರ್ಥಕ್ಕೆ ಒಡೆಯರು ಸಾವಿರ ಮಂದಿ. ಆಟದ ಮರುದಿನದ ಮಾತುಕತೆಗೂ ಇದಕ್ಕೂ ಸ್ವಭಾವದಲ್ಲಿ ಭೇದವಿಲ್ಲ.

೬

ಇಷ್ಟರಿಂದ ಒಂದು ಕರ್ತವ್ಯವು ಸ್ಪಷ್ಟವಾಗುತ್ತದೆ. ದೊಡ್ಡಾಟದ ಪಠ್ಯಗಳನ್ನು ಸಂಗ್ರಹಿಸಿ ಅಚ್ಚುಹಾಕುವ ಕೆಲಸವನ್ನು ವಿದ್ವಾಂಸರು ಮಾಡುತ್ತ ಬಂದಿದ್ದಾರೆ. ೧೯೯೧ರಲ್ಲಿ ಸ್ಥಾಪಿತವಾದ ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಈ ಸೀಮೆಯ ಬಾಗಿಲಲ್ಲಿಯೇ ಇದೆ. ಪಠ್ಯವು ಉಳಿದರೆ ಪದಗಳು ಉಳಿಯುತ್ತವೆ. ಆದರೆ ಯಾವ ಪದಕ್ಕೆ ಸಭೆಯು ಎದ್ದು ಕುಳಿತಿತು, ಯಾವುದನ್ನು ಮತ್ತೆ ಹಾಡಿಸಿತು, ಎಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು ಎಂಬುದು ಪಠ್ಯದಲ್ಲಿ ಇರುವುದಿಲ್ಲ. ಅದು ನೋಡಿದವರ ನೆನಪಿನಲ್ಲಿ ಮಾತ್ರ ಇರುತ್ತದೆ. ಇಡಿಯ ರಾತ್ರಿಯ ಆಟವು ಚಲಚ್ಚಿತ್ರದ ಮೂರು ಗಂಟೆಗಳಿಗೆ ಇಳಿದಾಗ ಏನು ಉಳಿಯಿತು, ಏನು ಹೋಯಿತೆಂಬುದನ್ನು ತೂಗಿ ಹೇಳಬಲ್ಲವರೂ ಎರಡನ್ನೂ ನೋಡಿದ ಈ ಜನರೇ. ಬಯಲಾಟದ ರಾತ್ರಿಗಳು ಕಡಮೆಯಾಗುತ್ತಿವೆ. ಹಳೆಯ ಪ್ರೇಕ್ಷಕರೂ ಕಡಮೆಯಾಗುತ್ತಿದ್ದಾರೆ. ಪಠ್ಯದ ಅಂಚಿನಲ್ಲಿ ಅವರ ಮೆಚ್ಚಿಕೆಯನ್ನೂ ಬರೆದಿಡುವುದು ಸಂಪಾದಕನ ಧರ್ಮವೆಂದೇ ಎಣಿಸಬೇಕು.

ನಂಜುಂಡನಿಂದ ಚಲಚ್ಚಿತ್ರದವರೆಗೆ ಕುಮಾರರಾಮನ ಕಥೆಯನ್ನು ಕಟ್ಟಿದವರು ಹಲವರು. ಅವರಿಗೆ ಆ ಕಥೆಯನ್ನು ಒಪ್ಪಿಸಿದವರು ಹೆಸರಿಲ್ಲದ ಕೇಳುಗರು. ಕಂಪಿಲಿಯ ಕೋಟೆಯು ಬಿದ್ದು ಏಳು ಶತಮಾನಗಳು ತುಂಬುತ್ತ ಬಂದಿವೆ. ಚೆಂಡು ಇನ್ನೂ ರತ್ನಾಜಿಯ ಅಂಗಳಕ್ಕೆ ಬೀಳುತ್ತಲೇ ಇದೆ. ಅದನ್ನು ಬೀಳಿಸುತ್ತಿರುವವರು ಕವಿಗಳಿಗಿಂತ ಹೆಚ್ಚಾಗಿ ಆ ಕೇಳುಗರೇ.