ಸಹೋದ್ಯೋಗಿಯ ಊರು, ಪರದೇಶಿಯ ಬರಹ

ನಮ್ಮ ಶಾಲೆಯ ಗಣಿತದ ಅಧ್ಯಾಪಕರು ಬೆಳ್ತಂಗಡಿ ತಾಲೂಕಿನ ವೇಣೂರಿನವರು. ಮಾತಿನಲ್ಲಿ ಅವರು ತಮ್ಮೂರನ್ನು ‘ಏನೂರು’ ಎನ್ನುವರು. ಅದು ಅಪಭ್ರಂಶವೆಂದು ನಾನು ಹಲವು ಸಲ ತಿದ್ದಿದ್ದುಂಟು. ಪಂಡಿತನ ಚಟ, ಬಿಡದು. ಕಳೆದ ಬೇಸಗೆಯ ರಜೆಯಲ್ಲಿ ಬಂಟ್ವಾಳದ ದಾರಿಯಾಗಿ ಅವರ ಮನೆಗೆ ಹೊರಟಾಗ ಕೈಯಲ್ಲಿ ಬುಕಾನನ್ನನ ಪ್ರವಾಸಗ್ರಂಥವಿತ್ತು.

ಫ್ರಾನ್ಸಿಸ್ ಬುಕಾನನ್ ಸ್ಕಾಟ್ಲೆಂಡಿನ ವೈದ್ಯ. 1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಮೇಲೆ, ಕಂಪೆನಿಯ ಕೈಸೇರಿದ ನಾಡಿನ ಬೆಳೆ, ಗೇಣಿ, ಕಸುಬು, ಜನರ ನಡೆವಳಿಕೆ ಇವನ್ನೆಲ್ಲ ವಿಚಾರಿಸಿ ಬರೆಯಲು ವೆಲ್ಲೆಸ್ಲಿ ಅವನನ್ನು ಕಳುಹಿಸಿದನು. 1801ರಲ್ಲಿ ಅವನು ವೇಣೂರು, ಮೂಡಬಿದಿರೆ, ಕಾರ್ಕಳಗಳನ್ನು ಹಾದುಹೋದ. ಬರಹವು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಗೆದ್ದವರ ಲೆಕ್ಕಪತ್ರವೇ ಅದು, ನಿಜ. ಆದರೆ ವ್ಯಾಕರಣದ ಹಂಗಿಲ್ಲದ ಆ ಪರದೇಶಿಯು ಊರ ಹೆಸರುಗಳನ್ನು ಕಿವಿಗೆ ಬಿದ್ದಂತೆ ಬರೆದುಕೊಂಡ. ಅವನ ಪುಟದಲ್ಲಿ ವೇಣೂರಿಗೆ ವಕಾರವೇ ಇಲ್ಲ!

ಇದರಿಂದ ಮೂಲರೂಪದ ನಿರ್ಣಯವಾಗದು. ಆದರೆ ಇನ್ನೂರು ವರುಷಗಳ ಹಿಂದೆಯೂ ಜನರ ಬಾಯಲ್ಲಿದ್ದುದು ಇದೇ ಎಂಬುದು ಸ್ಪಷ್ಟ. ನಾನು ತಿದ್ದಿದ್ದು ತಪ್ಪನ್ನಲ್ಲ, ಒಂದು ಸಾಕ್ಷಿಯನ್ನು.

ಸಂಜೆ ಫಲ್ಗುಣಿ ನದಿಯ ದಡದ ಗೊಮ್ಮಟನನ್ನು ಕಂಡೆವು. ಅಜಿಲ ಅರಸು ತಿಮ್ಮಣ್ಣನು 1604ರಲ್ಲಿ ನಿಲ್ಲಿಸಿದ, ಸುಮಾರು 35 ಅಡಿಯ ಏಕಶಿಲಾಮೂರ್ತಿ. ಕಾರ್ಕಳದ ಗೊಮ್ಮಟನಿಗಿಂತ ಇವನು ಗಿಡ್ಡ. ನನಗೇನೋ ಇವನೇ ಹೆಚ್ಚು ಹತ್ತಿರದವನೆನಿಸಿದ.

ಮರುದಿನ ಮೂಡಬಿದಿರೆಯ ಸಾವಿರ ಕಂಬದ ಬಸದಿಗೆ ಹೊರಟಾಗ ಬಸ್ಸಿನಲ್ಲಿ ಯಾರೋ ಕೇಳಿದರು, “ಎಲ್ಲಿಂದ ಬಂದಿರಿ, ಮಾಸ್ಟ್ರೇ?”

“ಏನೂರಿನಿಂದ” ಎಂದೆ. ಗಣಿತದ ಅಧ್ಯಾಪಕರು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕರು.