ಸಂಗೊಳ್ಳಿ ಸೀಮೆಯ ಜೋಡುಮನೆಗಳು

ಕಿತ್ತೂರ ನಾಡಿನ ಚರಿತ್ರೆಯೆಂದೊಡನೆ ಸುಶಿಕ್ಷಿತರ ದೃಷ್ಟಿಯು ಆ ಊರಿನ ಪಾಳುಬಿದ್ದ ಅರಮನೆಯ ಕಡೆಗೆ ಹರಿಯುವುದು. ಅದು ಯುಕ್ತವೇ ಸರಿ. ಆದರೆ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ರಾಯಣ್ಣನು ಅರಮನೆಯಲ್ಲಿ ಹುಟ್ಟಿದವನಲ್ಲ. ಮಲಪ್ರಭಾತೀರದ ಸಂಗೊಳ್ಳಿಯೆಂಬ ಹಳ್ಳಿಯವನು. ಅಂಥ ಹಳ್ಳಿಗರು ಬಾಳಿದ ರೀತಿಗೆ ಮೇಲ್ಮುದ್ದೆಯ ಮಣ್ಣಿನ ಮನೆಗಳೇ ಸಾಕ್ಷಿ.

ಅಮೇರಿಕದ ಅಂತರ್ಯುದ್ಧದ ದೆಸೆಯಿಂದ 1861ರಿಂದ 1865ರ ವರೆಗೆ ಅರಳೆಯ ಬೆಲೆಯೇರಿದಾಗ ಈ ಎರೆಸೀಮೆಯ ಒಕ್ಕಲಿಗರ ಕೈಯಲ್ಲಿ ರಾಣಿಛಾಪಿನ ರೂಪಾಯಿಗಳು ಆಡಿದವು. (ವಿಕ್ಟೋರಿಯಾ ರಾಣಿಯನ್ನು ಅವರು ಬಲ್ಲುದು ಅಷ್ಟೇ.) 1876ರ ಕ್ಷಾಮವು ಆ ಸಿರಿಯನ್ನು ನುಂಗಿತು. ಇಂಥ ಏರಿಳಿತಗಳ ನಡುವೆ ಒಕ್ಕಲಿಗನಿಗೆ ಯಾವುದು ಮುಖ್ಯವಾಗಿದ್ದಿತೆಂಬುದನ್ನು ಮನೆಯ ರಚನೆಯೇ ಹೇಳುವುದು: ಬಾಗಿಲೊಳಗೆ ಮೊದಲು ಎತ್ತುಗಳ ಗೋದಲಿ, ಅದಕ್ಕಿಂತ ಎತ್ತರದಲ್ಲಿ ಪಡಸಾಲೆ, ನೆಲದಡಿಯಲ್ಲಿ ಜೋಳದ ಹಗೇವು.

ಅಣ್ಣತಮ್ಮಂದಿರು ಪಾಲಾದರೆ ನಡುವೆ ಗೋಡೆಯೇಳುವುದು, ಮಾಳಿಗೆಯು ಮಾತ್ರ ಒಂದೇ. ಆದುದರಿಂದ ಒಬ್ಬನು ತನ್ನ ಪಾಲನ್ನು ಕೆಡವಿ ಸಿಮೆಂಟಿನ ಮನೆಯನ್ನು ಕಟ್ಟಹೊರಟರೆ ಇನ್ನೊಬ್ಬನ ತೊಲೆಗೆ ಆಸರೆ ತಪ್ಪುವುದು. ಹೀಗೆ ಒಂದರೊಡನೆ ಎರಡೂ ಅಳಿಯುತ್ತಿವೆ. 1961ರ ಪ್ರಾಚೀನ ಸ್ಮಾರಕಗಳ ಕಾಯದೆಯು ಕೋಟೆ ಗುಡಿಗಳಿಗೆ ಒದಗುವುದು; ಗೋದಲಿಯನ್ನು ಕೇಳುವವರಾರು? ಕೆಡಹುವ ಮುಂಚೆ ಮನೆಯ ಯಜಮಾನರು ಅಂಕಣಗಳ ಅಳತೆಯನ್ನಾದರೂ ಬರೆದಿಡುವುದು ಒಳಿತು.