ಬ್ರೆಡ್ಡಿಲ್ಲದ ಚಳಿಗಾಲ, ಇಬ್ಭಾಗವಾದ ಕರೇಲಿಯಾ

ಮೈಯನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮೈಮೇಲೆ ತಿರುಗಿಬಿದ್ದರೆ ಅದು ಆಟೋಇಮ್ಯೂನ್ ಕಾಯಿಲೆ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ನಾವು ತಿನ್ನೋ ಊಟಕ್ಕೂ ಇದಕ್ಕೂ ಏನು ನಂಟು ಅಂತ ಹಳೆಯ ಕತೆ ಕೆದಕುತ್ತಾ ಹೋದರೆ, ನನಗೆ ಎರಡು ಕಡೆ ಯುದ್ಧ ಎದುರಾಯಿತು. ಒಂದು ಹಾಲೆಂಡಿನಲ್ಲಿ, ಇನ್ನೊಂದು ಫಿನ್ಲೆಂಡಿನ ಗಡಿಯಲ್ಲಿ.

ಮೊದಲು ಹಾಲೆಂಡ್. ಸೀಲಿಯಾಕ್ ಅನ್ನೋ ಕಾಯಿಲೆಯಲ್ಲಿ ಸಣ್ಣ ಕರುಳಿನ ಒಳಪದರ ಹಾಳಾಗುತ್ತದೆ. ಮಗುವಿಗೆ ಹೊಟ್ಟೆ ಉಬ್ಬರ, ಭೇದಿ. ತಿಂದದ್ದು ಮೈಗೆ ಹತ್ತುವುದಿಲ್ಲ. 1888ರಲ್ಲಿ ಲಂಡನ್ನಿನ ಡಾಕ್ಟರ್ ಸ್ಯಾಮ್ಯುಯೆಲ್ ಗೀ, ಇದು ವಾಸಿಯಾಗುವುದಾದರೆ ಪಥ್ಯದಿಂದಲೇ ಅಂತ ಬರೆದರು. ಆದರೆ ಅವರು ಹೇಳಿದ ಪಥ್ಯ ನೋಡಿ: ಅಕ್ಕಿ ಬೇಡ, ತೆಳ್ಳಗೆ ಕತ್ತರಿಸಿ ಸುಟ್ಟ ಬ್ರೆಡ್ಡು ಕೊಡಬಹುದು! 1924ರಲ್ಲಿ ನ್ಯೂಯಾರ್ಕಿನ ಸಿಡ್ನಿ ಹಾಸ್ ಬಾಳೆಹಣ್ಣಿನ ಪಥ್ಯ ಮಾಡಿಸಿ ಮಕ್ಕಳನ್ನು ಚೇತರಿಸಿದರು. ಎಲ್ಲರೂ ಬಾಳೆಹಣ್ಣಿನ ಮಹಿಮೆ ಅಂದುಕೊಂಡರು. ಕೆಲಸ ಮಾಡಿದ್ದು ತಿಂದ ಬಾಳೆಹಣ್ಣಲ್ಲ, ಬಿಟ್ಟ ಬ್ರೆಡ್ಡು.

ಇದನ್ನು ಹಿಡಿದವರು ಹೇಗ್ ನಗರದ ಮಕ್ಕಳ ಡಾಕ್ಟರ್ ವಿಲ್ಲೆಮ್ ಡಿಕೆ. ಬ್ರೆಡ್ಡು ಬಿಡಿಸಿದರೆ ಮಗುವಿಗೆ ವಾಸಿ ಅಂತ ಒಬ್ಬ ತಾಯಿ ಹೇಳಿದ ಮಾತು ಅವರ ಕಿವಿಗೆ ಬಿದ್ದಿತ್ತಂತೆ. ಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಅನುಮಾನವಿತ್ತು. 1944-45ರ ಚಳಿಗಾಲದಲ್ಲಿ ಜರ್ಮನ್ನರ ದಿಗ್ಬಂಧನದಿಂದ ಪಶ್ಚಿಮ ಹಾಲೆಂಡಿನಲ್ಲಿ ಬ್ರೆಡ್ಡೇ ಅಪರೂಪವಾಯಿತು. ಜನ ಟುಲಿಪ್ ಗೆಡ್ಡೆ ತಿಂದರು, ಸಾವಿರಾರು ಮಂದಿ ಹಸಿವಿನಿಂದ ಸತ್ತರು. ಆ ಅನುಭವದಿಂದ ಡಿಕೆಯವರ ಅನುಮಾನ ಗಟ್ಟಿಯಾಯಿತು. ಗೋಧಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು ನೋಡಿದ ವಿವರಗಳನ್ನು 1950ರಲ್ಲಿ ತಮ್ಮ ಪ್ರಬಂಧದಲ್ಲಿ ಮಂಡಿಸಿದರು. ಸ್ವಲ್ಪದರಲ್ಲೇ ತಪ್ಪಿತಸ್ಥ ಗೋಧಿಯ ಗ್ಲೂಟನ್ ಅಂತಲೂ ಗೊತ್ತಾಯಿತು.

ನಮ್ಮ ದೇಶದಲ್ಲೂ ಹಾಗೇ. 2016ರ ಒಂದು ಅಧ್ಯಯನದ ಪ್ರಕಾರ ಸೀಲಿಯಾಕ್ ಗೋಧಿ ತಿನ್ನುವ ಉತ್ತರದಲ್ಲಿ ಹೆಚ್ಚು, ಅನ್ನ ಉಣ್ಣುವ ದಕ್ಷಿಣದಲ್ಲಿ ತೀರಾ ಕಡಿಮೆ. ಅದಕ್ಕೆ ಬೇಕಾದ ಜೀನ್ ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದೆ.

ಹಾಗಾದರೆ ಕತೆ ಮುಗಿಯಿತೇ? ಇಲ್ಲ. ಆ ಜೀನ್ ಇದ್ದು ದಿನಾ ಗೋಧಿ ತಿಂದರೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಯಾಕೆ?

ಇಲ್ಲಿ ಕರೇಲಿಯಾ ಬರುತ್ತದೆ. ಎರಡನೇ ಮಹಾಯುದ್ಧದಲ್ಲಿ ಫಿನ್ಲೆಂಡು ಕರೇಲಿಯಾದ ದೊಡ್ಡ ಭಾಗವನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತು. ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆಮಠ ಬಿಟ್ಟು ಈಚೆ ಬಂದರು. ಗಡಿಯ ಎರಡೂ ಕಡೆ ಕಾಯಿಲೆಗೆ ಸಂಬಂಧಿಸಿದ ಜೀನುಗಳು ಬಹುಮಟ್ಟಿಗೆ ಹೋಲುತ್ತವೆ, ಬದುಕು ಬೇರೆಯಾಯಿತು. ಈಚೆ ಸಿರಿತನ, ಶುಚಿತ್ವ, ಆಚೆ ಬಡತನ. 2000ದ ದಶಕದಲ್ಲಿ ಲೆಕ್ಕ ಹಾಕಿದಾಗ ಟೈಪ್ 1 ಮಧುಮೇಹ ಫಿನ್ಲೆಂಡಿನ ಮಕ್ಕಳಲ್ಲಿ ಸುಮಾರು ಆರು ಪಟ್ಟು ಹೆಚ್ಚು! ಸೀಲಿಯಾಕ್ ಫಿನ್ಲೆಂಡಿನಲ್ಲಿ 107 ಮಕ್ಕಳಿಗೆ ಒಬ್ಬರಿಗೆ, ರಷ್ಯದ ಕರೇಲಿಯಾದಲ್ಲಿ 496ಕ್ಕೆ ಒಬ್ಬರಿಗೆ. ಗೋಧಿ ತಿನ್ನುವುದರಲ್ಲಿ ಆಚೆಯವರೇನೂ ಹಿಂದೆ ಬಿದ್ದಿಲ್ಲ.

2016ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಫಿನ್ಲೆಂಡ್, ಎಸ್ಟೋನಿಯಾ, ರಷ್ಯದ ಕರೇಲಿಯಾಗಳ 222 ಕೂಸುಗಳ ಮಲವನ್ನು ಮೂರು ವರ್ಷದವರೆಗೆ ಪರೀಕ್ಷಿಸಿದ್ದರು. ಮೊದಲೆರಡು ದೇಶಗಳ ಕೂಸುಗಳ ಕರುಳಿನಲ್ಲಿ ಬ್ಯಾಕ್ಟೀರಾಯ್ಡಿಸ್ ಬ್ಯಾಕ್ಟೀರಿಯಾಗಳದ್ದೇ ದರ್ಬಾರು. ಇ. ಕೋಲಿಯ ಹೊರಕವಚದ ಒಂದು ವಸ್ತು ರೋಗನಿರೋಧಕ ಶಕ್ತಿಯನ್ನು ಎಳವೆಯಲ್ಲೇ ಕೆಣಕಿ ಪಳಗಿಸುತ್ತದೆ; ಬ್ಯಾಕ್ಟೀರಾಯ್ಡಿಸ್‌ನದು ಮಂಕು ಕವಿಸುತ್ತದೆ ಅನ್ನುವುದು ಅವರ ತರ್ಕ. ಇಲಿಗಳಲ್ಲಿ ಇ. ಕೋಲಿಯ ವಸ್ತು ಮಧುಮೇಹವನ್ನು ತಗ್ಗಿಸಿತು, ಇನ್ನೊಂದು ತಗ್ಗಿಸಲಿಲ್ಲ. ಮನುಷ್ಯರಲ್ಲಿ ಇದಿನ್ನೂ ಸುಳಿವು ಅಷ್ಟೇ, ತೀರ್ಪಲ್ಲ.

ಇಷ್ಟೆಲ್ಲ ಯಾಕೆ ಓದಿದೆ ಅಂದರೆ, ನಮ್ಮ ನೆಂಟರಲ್ಲೊಂದು ಹುಡುಗಿಗೆ ಟೈಪ್ 1 ಮಧುಮೇಹ ಬಂದಾಗ ಎಲ್ಲರೂ ಅವಳ ಅಮ್ಮನನ್ನೇ ಕುಟುಕಿದರು, "ಸಿಹಿ ಜಾಸ್ತಿ ತಿನ್ನಿಸಿದೆ" ಅಂತ. ಇನ್ಸುಲಿನ್ ಬಿಡಿಸಿ ಮೊಸರು, ಮಜ್ಜಿಗೆ ಕೊಡಿ ಅಂದವರೂ ಇದ್ದರು. ಸೀಲಿಯಾಕ್‌ಗೆ ಪಥ್ಯವೇ ಮದ್ದು, ನಿಜ. ಟೈಪ್ 1ಕ್ಕೆ ಮಾತ್ರ ಇನ್ಸುಲಿನ್ನೇ ಜೀವ, ಅದರ ಜಾಗಕ್ಕೆ ಯಾವ ಮೊಸರೂ ಬರುವುದಿಲ್ಲ. ಜೀನು, ಊಟ, ಬ್ಯಾಕ್ಟೀರಿಯಾ, ಇನ್ನೂ ಏನೇನೋ ಸೇರಿ ಆಗುವ ಕಾಯಿಲೆಯಿದು. ಡಿಕೆ ಒಬ್ಬ ತಾಯಿಯ ಮಾತು ಕೇಳಿಸಿಕೊಂಡರು. ನಾವು ಅಷ್ಟು ಮಾಡದಿದ್ದರೂ ಪರವಾಗಿಲ್ಲ, ತಾಯಂದಿರನ್ನು ದೂರುವುದನ್ನಾದರೂ ಬಿಡಬಹುದಲ್ಲವೇ?